ಬಂಡ್ರಿ ಹೊಲದ ಕೆಳಗಿನ ಆಟ

ನನ್ನ ಮಗಳು ಸ್ಫೂರ್ತಿ ಮಾಡಿದ್ದು ಒಂದು ಆಟ. ಕಂಪ್ಯೂಟರಿನಲ್ಲಿ ಆಡುವಂಥದ್ದು, ಹದಿನೈದು ನಿಮಿಷಕ್ಕೆ ಮುಗಿಯುವಂಥದ್ದು, ಯಾರು ಬೇಕಾದರೂ ಪುಕ್ಕಟೆ ಆಡಬಹುದಾದಂಥದ್ದು ಮತ್ತು ಆಡುವವರನ್ನು ಹೆದರಿಸುವಂಥದ್ದು. ಈ ನಾಲ್ಕು ಮಾತನ್ನು ನಾನು ಮೊದಲ ದಿನವೇ ನೆಟ್ಟಗೆ ಹೇಳಿಬಿಟ್ಟಿದ್ದರೆ, ನಮ್ಮಕ್ಕ ಕೊಟ್ರಮ್ಮನ ಎರಡೆಕರೆ ಶೇಂಗಾ ಹೊಲದ ಬದುವಿನ ಮೇಲೆ ಮಣ್ಣು ಅಗೆಯುವ ಹಿಟಾಚಿ ಬಂದು ನಿಲ್ಲುತ್ತಿರಲಿಲ್ಲ.

ಆದರೆ ಹೇಳುವುದು ಹೇಗೆ? ಅದು ನಮ್ಮ ಕೆಂಪು ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲ. ನಾನು ಸಂಡೂರು ರಸ್ತೆಯ ಒಂದು ವೇಬ್ರಿಡ್ಜಿನಲ್ಲಿ ಗುಮಾಸ್ತ. ಅದಿರು ತುಂಬಿದ ಲಾರಿ ಬಂದು ಕಟ್ಟೆಯ ಮೇಲೆ ನಿಲ್ಲುವುದು, ನಾನು ತೂಕ ಬರೆದು ಚೀಟಿ ಹರಿದು ಕೊಡುವುದು, ಲಾರಿ ಹೋಗುವುದು, ಧೂಳು ಉಳಿಯುವುದು. ಆ ಧೂಳಿನಲ್ಲಿ ನನ್ನ ಕಣ್ಣೆದುರಿಗೇ ಎಷ್ಟೋ ಜನ ದೊಡ್ಡವರಾದರು. ನಿನ್ನೆ ಸೈಕಲ್ ಮೇಲೆ ಬಂದವನು ಇವತ್ತು ಕಾರಿನ ಗಾಜು ಇಳಿಸಿ ಮಾತಾಡಿಸುತ್ತಿದ್ದ. ಹದಿಮೂರು ವರ್ಷದಲ್ಲಿ ನನ್ನದು ಬದಲಾದದ್ದು ಅಂಗಿಯ ಬಣ್ಣ ಒಂದೇ. ಬೆಳಿಗ್ಗೆ ಬಿಳಿ, ಸಂಜೆಗೆ ಇಟ್ಟಿಗೆ.

ಹಾಗೆ ದೊಡ್ಡವರಾದವರಲ್ಲಿ ಮರುಳಸಿದ್ದಪ್ಪ ಒಬ್ಬರು. ಮೊದಲು ಎಮ್ಮೆ ದಲ್ಲಾಳಿ, ಈಗ ಮೈನಿಂಗ್ ದಲ್ಲಾಳಿ. ಎಮ್ಮೆಯ ಹಲ್ಲು ನೋಡುತ್ತಿದ್ದ ಗತ್ತಿನಲ್ಲೇ ಹೊಲದ ಮಣ್ಣು ಹಿಡಿದು ನೋಡಿ, ಮೂಸಿ, "ಇದರ ಕೆಳಗ ಮಾಲೈತಿ" ಎಂದರೆ ಮುಗಿಯಿತು. ಮೂರನೇ ದಿನಕ್ಕೆ ಆ ಹೊಲ ಗುಂಡಿ.

ಒಂದು ಮಧ್ಯಾಹ್ನ ಅವರು ನಮ್ಮ ಆಫೀಸಿನಲ್ಲಿ ಕೂತು ಮಗನ ಗುಣಗಾನ ನಡೆಸಿದ್ದರು. ಮಗ ಹೊಸ ಬೈಕ್ ತಗೊಂಡನಂತೆ. ಸಾಲದೆ ಇನ್ನೊಂದು ತಗೊಂಡನಂತೆ. ಈಗ ಎರಡನ್ನೂ ಒಟ್ಟಿಗೆ ಓಡಿಸಲಾಗದೆ ಬೇಜಾರಿನಲ್ಲಿದ್ದಾನಂತೆ.

"ನಿನ್ನ ಮಗಳು ಏನ್ ಮಾಡಾಕತ್ತಾಳೋ ಹಾಲೇಶ?"

ಡಿಪ್ಲೊಮಾ ಓದುತ್ತ ದೆವ್ವದ ಆಟ ಮಾಡಿದ್ದಾಳೆ ಎನ್ನಲು ನನಗೆ ಬಾಯಿ ಬರಲಿಲ್ಲ. "ಸಾಫ್ಟ್‌ವೇರ್ ಮಾಡ್ಯಾಳ್ರಿ," ಎಂದೆ. "ಭೂಮಿ ಒಳಗ ಇಳದು, ನಡಕೊಂತ ಹೋಗಿ ನೋಡೋದು. ಬಂಡ್ರಿಯಾಗ ನಮ್ಮಕ್ಕನ ಹೊಲ ಐತೆಲ್ರಿ, ಅದರ ಕೆಳಗ."

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆಟ ಶುರುವಾಗುವುದೇ ಅಕ್ಕನ ಹೊಲದ ಪಾಳುಬಾವಿಯಿಂದ. ಸ್ಫೂರ್ತಿ ಬೇಸಿಗೆ ರಜೆಯಲ್ಲಿ ಹೋಗಿ ಬಾವಿಯದು, ಮಣ್ಣಿನದು, ಹಿಂದಿನ ಗುಡ್ಡದ್ದು ಫೋಟೋ ಹೊಡೆದುಕೊಂಡು ಬಂದು ಎಲ್ಲವನ್ನೂ ಆಟದೊಳಗೆ ಅಂಟಿಸಿದ್ದಳು. "ಯಾರಿಗಾರ ಆಡ್ಸಪ್ಪಾ, ಹೆದರಿಕಿ ಆತೋ ಇಲ್ಲೋ ಕೇಳ್ಕೊಂಡು ಬಾ" ಎಂದು ಒಂದು ಸಿ.ಡಿ.ಯನ್ನೂ ನನ್ನ ಬುತ್ತಿ ಚೀಲದಲ್ಲಿ ಹಾಕಿದ್ದಳು. ವಾರದಿಂದ ಅದು ರೊಟ್ಟಿಯ ಜೊತೆ ಓಡಾಡುತ್ತಿತ್ತು.

ಮರುಳಸಿದ್ದಪ್ಪನವರ ಬೆನ್ನು ಕುರ್ಚಿ ಬಿಟ್ಟು ಮುಂದಕ್ಕೆ ಬಂತು. "ತೋರ್ಸು," ಎಂದರು.

ಆಫೀಸಿನ ಕಂಪ್ಯೂಟರಿಗೆ ಸಿ.ಡಿ. ಹಾಕಿದೆ. ಕೀಬೋರ್ಡ್ ಮುಟ್ಟಲು ಅವರು ಒಪ್ಪಲಿಲ್ಲ. ಚೀಟಿಗಾಗಿ ಬಂದು ನಿಂತಿದ್ದ ಲಾರಿ ಡ್ರೈವರ್ ಹೊನ್ನೂರಸ್ವಾಮಿಯನ್ನು ಕೂರಿಸಿದರು. "ಇವ ಭಾಳ ಗಟ್ಟಿ. ದರೋಜಿ ಹಾದಿಯಾಗ ಕರಡಿ ಅಡ್ಡ ಬಂದ್ರ, ಲಾರಿ ನಿಲ್ಲಿಸಿ ಬೀಡಿ ಹಚ್ಚಿದ ಮನುಷ್ಯಾ."

ಆಟದಲ್ಲಿ ಮಾಡಬೇಕಾದದ್ದು ಇಷ್ಟೇ. ಬಾಣದ ಗುರುತಿನ ಗುಂಡಿ ಒತ್ತುತ್ತ, ಬಾವಿಯ ಮೆಟ್ಟಿಲಿಳಿದು, ಸುರಂಗದಲ್ಲಿ ನಡೆಯುವುದು. ಕೈಯಲ್ಲೊಂದು ಬ್ಯಾಟರಿ. ಒಟ್ಟು ಮೂರು ತಿರುವು. ಮೊದಲನೇ ತಿರುವಿನಲ್ಲಿ ಹೊರಗಿನ ಹಕ್ಕಿಗಳ ಸದ್ದು ನಿಂತುಹೋಗುತ್ತದೆ. ಎರಡನೆಯದರಲ್ಲಿ ನಿಮ್ಮದೇ ಹೆಜ್ಜೆಯ ಸದ್ದು, ಒಂದೇ ಒಂದು ಹೆಜ್ಜೆ ತಡವಾಗಿ, ಹಿಂದಿನಿಂದ ಬರತೊಡಗುತ್ತದೆ. ಮೂರನೆಯದರಲ್ಲಿ ಒಬ್ಬ ಹೆಂಗಸು ನಿಮಗೆ ಬೆನ್ನು ಮಾಡಿ ಕೂತು ಮೊರದಲ್ಲಿ ಏನನ್ನೋ ಕೇರುತ್ತಿರುತ್ತಾಳೆ. ಅವಳು ತಿರುಗುವುದಿಲ್ಲ, ಹಲ್ಲು ತೋರಿಸುವುದಿಲ್ಲ, ಮೈಮೇಲೆ ಹಾರುವುದಿಲ್ಲ. ಸುಮ್ಮನೆ ಕೇರುತ್ತಾಳೆ. ಅವಳನ್ನು ದಾಟಿ ಹೋದರೆ ಆಟ ಮುಗಿಯಿತು. ಹೆತ್ತ ತಂದೆಯಾದ ನಾನೇ ಎರಡನೇ ತಿರುವು ದಾಟಿರಲಿಲ್ಲ.

ಹೊನ್ನೂರಸ್ವಾಮಿ ನಗುತ್ತ ಬಾವಿಗೆ ಇಳಿದ. ಮೊದಲನೇ ತಿರುವಿನಲ್ಲಿ ನಗು ನಿಂತಿತು. ಎರಡನೆಯದರಲ್ಲಿ ಮೂರು ಸಲ ತನ್ನ ಕುರ್ಚಿಯ ಹಿಂದೆ ನೋಡಿದ. ಮೂರನೆಯದರಲ್ಲಿ ಸರ್, ಸರ್ ಎಂದು ಕೇರುವ ಸದ್ದು ಬಂತು, ಅದರ ಬೆನ್ನಿಗೇ ಕುರ್ಚಿ ಬಿದ್ದ ಸದ್ದು ಬಂತು, ಆಮೇಲೆ ಅಂಗಳದಲ್ಲಿ ಯಾರೋ ಓಡಿದ ಸದ್ದು ಬಂತು. ಅವನ ಲಾರಿ ವೇಬ್ರಿಡ್ಜಿನ ಮೇಲೇ ಉಳಿಯಿತು. ಹಿಂದೆ ಲಾರಿಗಳ ಸಾಲು ಕಣ್ಣು ಹೋಗುವಷ್ಟು ದೂರ ಬೆಳೆದು, ಹಾರ್ನಿನ ಗದ್ದಲಕ್ಕೆ ಆಫೀಸಿನ ತಗಡು ನಡುಗಿತು.

ಮರುಳಸಿದ್ದಪ್ಪನವರು ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಗ್ವಾಡಿ ನೋಡಿದ್ಯೇನು? ಕೆಂಪಗ ಮಿಂಚಾಕತ್ತಿತ್ತು. ಅರವತ್ತೈದು ಗ್ರೇಡಿಗೆ ಕಡಿಮಿ ಇಲ್ಲ ಆ ಅದಿರು!"

"ಅಲ್ರೀ, ಆ ಹೆಣ್ಮಗಳು..."

"ಕಾವಲು! ಹಂಪಿಯಾಗ ನಿಧಿ ಅಗಿಯಾಕ ಹೋಗಿದ್ದೋರ್ನ ಕೇಳು. ಸುಮ್ನ ಯಾರು ಕಾವಲು ಕುಂದ್ರತಾರ? ಕಾವಲು ಐತಿ ಅಂದ್ರ ಮಾಲು ಐತಿ."

ಆಗ ನಾನು ನಿಜ ಹೇಳಲು ಬಾಯಿ ತೆರೆದದ್ದು ಹೌದು. ಅಷ್ಟರಲ್ಲಿ ಅವರು ಬಿದ್ದಿದ್ದ ಕುರ್ಚಿಯನ್ನು ತಾವೇ ಎತ್ತಿ, ಟವಲಿನಿಂದ ಒರೆಸಿ, "ಹಾಲೇಶ್ ಸರ್, ಕುಂದ್ರಿ" ಎಂದರು. ಹದಿಮೂರು ವರ್ಷದಲ್ಲಿ ಆ ಆಫೀಸಿನಲ್ಲಿ ನನ್ನನ್ನು ಯಾರೂ ಸರ್ ಎಂದಿರಲಿಲ್ಲ. ಬಾಯಿ ಮುಚ್ಚಿ ಕೂತೆ.

ಹೊಸಪೇಟೆಗೆ ಬಂದು ಮನೆಯಲ್ಲಿ ವರದಿ ಒಪ್ಪಿಸಿದರೆ, ಸ್ಫೂರ್ತಿಗೆ ಹೊಲವೂ ಕೇಳಲಿಲ್ಲ, ದಲ್ಲಾಳಿಯೂ ಕೇಳಲಿಲ್ಲ. "ಹೊನ್ನೂರಸ್ವಾಮಿ ಕಾಕಾ ಓಡಿದ್ನಾ? ಖರೇನ? ಚಪ್ಪಲಿ ಹಾಕ್ಕೊಂಡು ಓಡಿದ್ನೋ, ಬಿಟ್ಟು ಓಡಿದ್ನೋ?"

"ಬಿಟ್ಟು."

"ಅಮ್ಮಾ! ಚಪ್ಪಲಿ ಬಿಟ್ಟು ಓಡ್ಯಾನಂತ!" ಎಂದು ಅಡುಗೆಮನೆಗೆ ಜಿಗಿದಳು. ನನ್ನ ಹೆಂಡತಿ ಗಂಗಾಂಬಿಕಾ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಅದು ಆಟ ಅಂತ ಹೇಳೀರಿಲ್ಲ?"

"ನಾಳಿಗೆ ಹೇಳ್ತೀನಿ."

ನಾಳೆ ಹೇಳಲಿಲ್ಲ. ನಾಳೆ ನನಗೆ ಮೊದಲನೇ ಗ್ಲಾಸಿನ ಚಹಾ ಬಂತು. ನಾಡಿದ್ದು ನಮ್ಮ ಮ್ಯಾನೇಜರು ತಮ್ಮ ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಕಂಪ್ಲಿಯಿಂದ ಒಬ್ಬ ಅಕ್ಕಿ ಗಿರಣಿ ಮಾಲೀಕರು ಬಂದು, ತಮ್ಮ ಗಿರಣಿಯ ಕೆಳಗೂ ಒಂದು ಸಲ 'ನಡೆದು ನೋಡಿಸಬೇಕು' ಎಂದು ಕೈಮುಗಿದರು. ಗದ್ದೆ ಮಣ್ಣಿನಲ್ಲಿ ಅದಿರು ಎಲ್ಲಿಂದ ಬರಬೇಕು? ಆದರೂ ನಾನು ಗಂಭೀರವಾಗಿ "ನೋಡೋಣ" ಎಂದೆ. ಆ ಎರಡು ದಿನ ನಾನು ನೋಡೋಣ ಎಂದಷ್ಟು ಸಲ ಯಾವ ಸಾಹೇಬರೂ ಎಂದಿರಲಾರರು.

ಮೂರನೇ ದಿನ ಬೆಳಿಗ್ಗೆ ಬಂಡ್ರಿಯಿಂದ ಅಕ್ಕನ ಫೋನು.

"ಲೇ ಹಾಲೇಶಾ, ನನ್ನ ಹೊಲದ ಬದುವಿನ ಮ್ಯಾಲ ಹಿಟಾಚಿ ಬಂದು ನಿಂತೈತಿ! ಕಾಯಿ ಬಲತಾವ, ಇನ್ನ ಹತ್ತ್ ದಿನಕ್ಕ ಶೇಂಗಾ ಕೀಳಬೇಕು. ಆ ದಲ್ಲಾಳಿ ಮೇಲಿನ ಬೆಳಿ ನಿಂದವ್ವಾ, ಕೆಳಗಿಂದು ಸರ್ಕಾರದ್ದು ಅಂತಾನ. ಹಂಗಾದ್ರ ಬೇರು ಯಾರ್ದು ಅಂತ ಕೇಳಿದೆ. ಅದನ್ನ ನಿನ್ನ ತಮ್ಮನ್ನ ಕೇಳು ಅಂದ. ಏನ್ ಮಾಡಿ ಇಟ್ಟೀಯೋ ನೀನು?"

ಗಂಡ ತೀರಿಕೊಂಡ ಮೇಲೆ ಅಕ್ಕನಿಗೆ ಇರುವುದು ಆ ಎರಡೆಕರೆ, ಒಂದು ಎಮ್ಮೆ ಮತ್ತು ನಾನು. ಮೂರರಲ್ಲಿ ಕೈಕೊಟ್ಟವನು ನಾನೇ ಎಂದು ಮನಸ್ಸಿಗೆ ಬಂದಾಗ ನನ್ನ ಸಾಹೇಬಗಿರಿ ಅಲ್ಲಿಗೇ ಇಳಿಯಿತು. ಓಡಿಹೋಗಿ ಮರುಳಸಿದ್ದಪ್ಪನವರ ಕಾರಿಗೆ ಅಡ್ಡ ನಿಂತೆ.

"ಅದು ಆಟ ರೀ! ದೆವ್ವದ ಆಟ! ಹುಡುಗಿ ಓದೋದು ಬಿಟ್ಟು ಮಾಡ್ಯಾಳ. ಒಳಗ ಏನೂ ಇಲ್ರಿ!"

ಅವರು ಗಾಜು ಇಳಿಸಿ ಮೆಲ್ಲಗೆ ನಕ್ಕರು. "ಆಟ ಆದ್ರ ಎಷ್ಟಕ್ಕ ಮಾರ್ತೀರಿ?"

"ಮಾರೋದಲ್ರಿ. ಪುಕ್ಕಟೆ."

"ಪುಕ್ಕಟೆ!" ಅವರು ಡ್ರೈವರನ ಕಡೆ ತಿರುಗಿದರು. "ಕೇಳಿದ್ಯೇನಲೇ? ಧೂಳಿಗೂ ಪರ್ಮಿಟ್ ಇರೋ ತಾಲೂಕಿನ್ಯಾಗ ಇವ್ರು ಪುಕ್ಕಟೆ ಹಂಚ್ತಾರಂತ. ಹಾಲೇಶ್ ಸರ್, ನಿಮಗ ಬ್ಯಾರೆ ಪಾರ್ಟಿ ಸಿಕ್ಕೈತಿ. ಅದಕ್ಕ ಈಗ ಒಳಗ ಏನೂ ಇಲ್ಲ ಅಂತೀರಿ. ನಾ ಎಮ್ಮಿ ಮಾರಿದವ ರೀ. ಹಾಲು ಕೊಡಂಗಿಲ್ಲ ಅಂತ ಮಾಲೀಕ ಹೇಳಿದ್ರ, ಆ ಎಮ್ಮಿ ಬಿಡಬಾರ್ದು ಅಂತ ನನಗ ಗೊತ್ತಾಕೈತಿ."

ನಾನು ಮ್ಯಾನೇಜರಿಗೆ ಹೇಳಿದೆ. ಅವರು ಕಣ್ಣು ಹೊಡೆದರು. ಹೊನ್ನೂರಸ್ವಾಮಿಗೆ ಹೇಳಿದೆ. ಅವನು "ಆಟ ಅಂದ್ರ ನಾ ಯಾಕ ಓಡತಿದ್ದೆ ಅಣ್ಣಾ?" ಎಂದು ಬೇಸರ ಮಾಡಿಕೊಂಡ. ಬಂಡ್ರಿಯವರಂತೂ ನನ್ನ ಒಂದೊಂದು ಮಾತಿಗೂ ಹೊಲದ ರೇಟು ಏರಿಸಿದರು. ನಾನು ಇಲ್ಲ ಎಂದಷ್ಟೂ ಅದಿರು ಆಳಕ್ಕೆ ಇಳಿಯುತ್ತಿತ್ತು.

ಕೊನೆಗೆ ಸ್ಫೂರ್ತಿಯೇ ದಾರಿ ಹೇಳಿದಳು. "ಅಪ್ಪಾ, ಆಟ ಯಾರೂ ಪೂರಾ ಆಡಿಲ್ಲ. ಕಡಿತನಕ ಹೋದ್ರ ಅಲ್ಲಿ ಏನೈತಿ ಅಂತ ಅವ್ರಿಗೇ ಕಾಣ್ತೈತಿ. ಆಡಾಕ ಕರಿ."

ಮರುಳಸಿದ್ದಪ್ಪನವರು ಕುಣಿಯುತ್ತ ಒಪ್ಪಿದರು. ಭಾನುವಾರ ಬೆಳಿಗ್ಗೆ ಅಕ್ಕನ ಮನೆ ಮುಂದೆ, ಎಲ್ಲರ ಎದುರಿಗೆ, ಕೊನೆಯವರೆಗೂ ನೋಡುವುದು. ಮಾಲು ಕಂಡರೆ ಆ ಕ್ಷಣವೇ ಅಗೆತ, ಕಾಣದಿದ್ದರೆ ಹಿಟಾಚಿ ವಾಪಸ್ಸು. ಆದರೆ ಒಂದು ಷರತ್ತು: ನಾನಾಗಲಿ ನನ್ನ ಮಗಳಾಗಲಿ ಗುಂಡಿ ಮುಟ್ಟಕೂಡದು, ಮುಟ್ಟಿದರೆ ಮಾಲು ಮುಚ್ಚಿಡುತ್ತೇವೆ ಎಂದು ಅವರಿಗೆ ಅನುಮಾನ.

ಭಾನುವಾರ ನಮ್ಮ ಕಂಪ್ಯೂಟರು ಟಂಟಂ ಗಾಡಿಯಲ್ಲಿ, ಹಾಸಿಗೆಯ ಚಾದರ ಹೊದ್ದು, ಗಂಗಾಂಬಿಕಾಳ ತೊಡೆಯ ಮೇಲೆ ಬಂಡ್ರಿಗೆ ಬಂತು. ಕರೆಂಟಿಗೆ ದಲ್ಲಾಳಿಯ ಜನರೇಟರು. ಅಂಗಳದ ತುಂಬ ಜನ, ಹುಣಸೆ ಮರದ ಮೇಲೂ ಜನ. ಗ್ರಾಮಲೆಕ್ಕಿಗ ಉಚ್ಚೆಂಗಪ್ಪನವರು ಪಂಚನಾಮೆ ಬರೆಯಲು ರಟ್ಟು, ಹಾಳೆ ಹಿಡಿದು ಬಂದಿದ್ದರು. ಹಿಟಾಚಿಯವನು ಬದುವಿನ ಮೇಲೆ ಎಂಜಿನ್ ಚಾಲೂ ಇಟ್ಟುಕೊಂಡೇ ಕೂತಿದ್ದ. ಆ ಗುಡುಗುಡುಗೆ ಶೇಂಗಾ ಎಲೆಗಳು ನಡುಗುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಅಕ್ಕ ಮಾತ್ರ ಯಾರನ್ನೂ ನೋಡದೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು.

ಮೊದಲು ದಲ್ಲಾಳಿಯ ಕಡೆಯ ಇಬ್ಬರು ಪೈಲ್ವಾನರು ಕೂತರು. ಒಬ್ಬ ಎರಡನೇ ತಿರುವಿನಲ್ಲಿ ಎದ್ದ. ಇನ್ನೊಬ್ಬ ಮೂರನೆಯದರಲ್ಲಿ ಎದ್ದ, ಸ್ಪೀಕರಿನ ವೈರ್ ಕಾಲಿಗೆ ಸುತ್ತಿಕೊಂಡು ಸ್ಪೀಕರ್ ಸಮೇತ ಎದ್ದ. ಅದನ್ನು ಹಿಡಿದು ತರಲು ಹತ್ತು ನಿಮಿಷ ಹಿಡಿಯಿತು.

"ಸರಕಾರಿ ನೌಕರನಿಗೆ ಹೆದರಾಕ ಅವಕಾಶ ಇಲ್ಲ," ಎನ್ನುತ್ತ ಉಚ್ಚೆಂಗಪ್ಪನವರು ಕೂತರು. ಎರಡನೇ ತಿರುವಿನಲ್ಲಿ ಹಿಂದಿನಿಂದ ಹೆಜ್ಜೆ ಕೇಳಿತು. "ಯಾರದು?" ಎಂದರು. ಹೆಜ್ಜೆ ನಿಂತಿತು. "ಅರ್ಜಿ ಕೊಟ್ಟು ಬರಬೇಕು!" ಎಂದರು. ಇವರು ಒಂದು ಹೆಜ್ಜೆ ಇಟ್ಟರು, ಅದೂ ಇಟ್ಟಿತು. "ನನಗ ಬಿ.ಪಿ. ಐತಿ, ಡಾಕ್ಟರ್ ಬ್ಯಾಡ ಅಂದಾರ" ಎಂದು ಎದ್ದವರು ಬೇವಿನ ಮರದ ಕೆಳಗೆ ಹೋಗಿ ನಿಂತು, ಅಲ್ಲಿಂದಲೇ ಕರ್ತವ್ಯ ಮುಂದುವರಿಸಿದರು.

ಕೊನೆಗೆ ಮರುಳಸಿದ್ದಪ್ಪನವರೇ ತೋಳು ಏರಿಸಿದರು. ನಿಜ ಹೇಳಬೇಕು, ಅವರು ಮೂರನೇ ತಿರುವಿನವರೆಗೆ ಹೋದರು. ಆ ಹೆಂಗಸಿನ ಬೆನ್ನು ಕಂಡಿತು. ಸರ್, ಸರ್, ಟಿಕ್. ಸರ್, ಸರ್, ಟಿಕ್. ಅವರ ನೆತ್ತಿಯ ಬೆವರು ಮೂಗಿನ ತುದಿಗೆ ಬಂತು. ಒಮ್ಮೆಲೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು ಕೂಗಿದರು:

"ಇಷ್ಟು ಮಂದ್ಯಾಗ ಒಬ್ರಿಗೂ ದಾಟಾಕ ಆಗಲಿಲ್ಲ ಅಂದ್ರ, ಎಷ್ಟು ಮಾಲಿರಬೇಕು ನೋಡ್ರಿ! ಏನ್ ನೋಡ್ತೀಯಲೇ, ಗಾಡಿ ಇಳಿಸು ಹೊಲಕ್ಕ!"

ಜನ ಹೋ ಎಂದರು. ಹಿಟಾಚಿ ಹೊಲಕ್ಕಿಳಿಯಿತು, ಅದರ ಕೈ ಮೇಲೆದ್ದಿತು. ನಾನು ಅಂಗಳದ ಮಧ್ಯೆ ಎರಡೂ ಕೈ ಎತ್ತಿ, "ಏನೂ ಇಲ್ರೋ, ನನ್ನ ಮಗಳಾಣಿ ಏನೂ ಇಲ್ಲ!" ಎಂದು ಅತ್ತೇಬಿಟ್ಟೆ. "ಎಷ್ಟು ಚೆಂದ ಅಳ್ತಾನ ನೋಡು," ಎಂದು ಹಿಂದೆ ಯಾರೋ ಮೆಚ್ಚಿಕೊಂಡರು.

"ನಿಲ್ಸೋ ಅದನ್ನ!"

ಅಕ್ಕ. ಹಿಟಾಚಿಯ ಕೈ ಅಲ್ಲೇ ನಿಂತಿತು. ಅವಳು ಹುಲ್ಲಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ಹಾಲೇಶ ಮುಟ್ಟಬಾರ್ದು, ಹುಡುಗಿ ಮುಟ್ಟಬಾರ್ದು ಅಂದ್ರಿ. ನಾ ಮುಟ್ಟಬಾರ್ದು ಅಂತ ಯಾರು ಹೇಳ್ಯಾರ? ಹೊಲ ನಂದು. ನನ್ನ ಹೊಲದ ಕೆಳಗ ಯಾರು ಕುಂತಾರ, ನಾನ ನೋಡ್ತೀನಿ. ಯಾವ್ದು ಒತ್ತಬೇಕವ್ವಾ ಸ್ಫೂರ್ತಿ?"

"ಈ ಬಾಣದ್ದು, ಅತ್ತಿ. ಬರೇ ಇದೊಂದ."

ಬೇರೆಯವರೆಲ್ಲ ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹೋಗಿದ್ದರು. ಅಕ್ಕ ಶೇಂಗಾ ಸಿಪ್ಪೆ ಅಮುಕಿದಂತೆ ಅಮುಕಿದವಳು ಕೈ ತೆಗೆಯಲೇ ಇಲ್ಲ. ಆಟದಲ್ಲಿ ಅಷ್ಟು ಬಿರುಸಾಗಿ ಯಾರೂ ನಡೆದದ್ದನ್ನು ನಾನು ಕಂಡಿರಲಿಲ್ಲ. ಮೊದಲನೇ ತಿರುವು. ಹಕ್ಕಿ ಸದ್ದು ನಿಂತಿತು. ಅವಳಿಗೆ ಗೊತ್ತಾಗಲಿಲ್ಲ. ಎರಡನೇ ತಿರುವು. ಹಿಂದಿನಿಂದ ಹೆಜ್ಜೆ. ಅಂಗಳದ ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

"ಬರ್ಲಿ ಬಿಡು. ಹೊಲಕ್ಕ ಹೋಗುವಾಗ ಹಿಂದ ಯಾರಾರ ಬರ್ತಿರ್ತಾರ," ಎಂದಳು.

ಮೂರನೇ ತಿರುವು. ಬೆನ್ನು. ಸರ್, ಸರ್, ಟಿಕ್.

ಅಕ್ಕನ ಮುಖ ಗಂಟಾಯಿತು. "ಏ, ಇದು ನನ್ನ ಮೊರ ಅಲ್ಲೇನು? ಅಂಚು ಮುರದು ಟಿಕ್ ಅಂತೈತಿ ನೋಡು!"

"ಹೂಂ ಅತ್ತಿ," ಎಂದಳು ಸ್ಫೂರ್ತಿ. "ಬ್ಯಾಸಿಗಿಯಾಗ ಬಂದಾಗ ನೀ ಕೇರೋದನ್ನ ರೆಕಾರ್ಡ್ ಮಾಡ್ಕೊಂಡಿದ್ದೆ."

"ಸದ್ದು ನಂದು, ಸರಿ. ಕೈ ನಂದಲ್ಲವ್ವಾ. ಮೊರ ಹಿಂಗ ಹಿಡೀತಾರೇನು? ಹೊಟ್ಟೆಲ್ಲ ಕಣ್ಣಾಗ ಬೀಳ್ತೈತಿ. ಯಾರ ಮನಿ ಹೆಣ್ಮಗಳೋ ಏನೋ, ಕಲಿಸಿದೋರಿಲ್ಲ. ಸರಿಯವ್ವಾ ಅತ್ತಾಗ!"

ಎಂದವಳೇ ಆ ಹೆಂಗಸಿನ ಪಕ್ಕದಿಂದ ಹಾದುಹೋದಳು. ಜನ ಕಿಟಾರನೆ ಕಿರುಚಿದರು. ಹುಣಸೆ ಮರದಿಂದ ಇಬ್ಬರು ಬಿದ್ದರು. ಪರದೆ ಕಪ್ಪಾಯಿತು. ಆ ಕತ್ತಲಲ್ಲಿ ಒಂದೊಂದೇ ಬಿಳಿ ಅಕ್ಷರ ಮೂಡತೊಡಗಿತು.

ಇಲ್ಲಿ ಏನೂ ಇರಲಿಲ್ಲ.
ನೀವು ಬಂದಿರಿ.

ಆ ಎರಡು ಸಾಲನ್ನು ಓದಿದವರ ರಕ್ತ ತಣ್ಣಗಾಗಬೇಕು ಎಂದು ನನ್ನ ಮಗಳು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಮರುಳಸಿದ್ದಪ್ಪನವರ ರಕ್ತ ನಿಜಕ್ಕೂ ತಣ್ಣಗಾಯಿತು, ಆದರೆ ಮೊದಲನೇ ಸಾಲಿಗೇ.

"ಏನೂ... ಇಲ್ಲೇನು?"

"ಇರಲಿಲ್ಲ ಅಂತ ಐತ್ರಿ," ಎಂದು ಉಚ್ಚೆಂಗಪ್ಪನವರು ಬೇವಿನ ಮರದಿಂದ ತಿದ್ದಿದರು. "ಅಂದ್ರ ಈಗೂ ಇಲ್ಲ, ಮೊದಲೂ ಇದ್ದಿಲ್ಲ. ರಿಪೋರ್ಟ್ ಭಾಳ ಸ್ಪಷ್ಟ ಐತಿ." ಬರೆದುಕೊಂಡರು.

"ಎರಡನೇ ಸಾಲು ಏನ್ರಿ ಅದು?"

"ಅದು ಹಾಜರಾತಿ. ಎಲ್ರೂ ಬಂದೀರೆಲ್ಲ? ಬರ್ರಿ, ಸಹಿ ಹಾಕ್ರಿ."

ನಾನು ವಾರವೆಲ್ಲ ಗಂಟಲು ಹರಿಯುವಂತೆ ಕೂಗಿದ್ದೂ ಅದೇ ಮಾತು. ಸಹಿ ಹಾಕಿ ಹೋಗುವಾಗ ಜನ ನನಗೆ ಹೇಳಿದ್ದು ಏನು ಗೊತ್ತೇ? "ಮೊದಲ ಹೇಳಬಾರ್ದಾಗಿತ್ತೇನಪ್ಪಾ ಹಾಲೇಶ?" ಸರ್ ಹೋಗಿತ್ತು. ಹಿಟಾಚಿಯೂ ಹೋಯಿತು. ಅಕ್ಕ ಬದುವಿನ ಮೇಲೆ ಕೂತು, ಅದರ ಚೈನು ತುಳಿದ ನಾಲ್ಕು ಸಾಲು ಗಿಡವನ್ನು ಒಂದೊಂದೇ ಎತ್ತಿ ನಿಲ್ಲಿಸಿದಳು. ಬೈಗುಳ ನನಗೆ, ಗಿಡಕ್ಕೆ ಸಮಾಧಾನ.

ಶೇಂಗಾ ಕಿತ್ತಾಯಿತು. ಮನೆಗೆ ಹಸಿ ಕಾಯಿ ಬಂದು, ಉಪ್ಪು ಹಾಕಿ ಕುದಿಸಿ ತಿನ್ನುತ್ತ ಕೂತಿದ್ದ ಒಂದು ಸಂಜೆ, ನಮ್ಮ ಬಾಗಿಲಲ್ಲಿ ಮರುಳಸಿದ್ದಪ್ಪನವರು. ಕೈಯಲ್ಲಿ ದೊಡ್ಡ ಪೇಡಾ ಡಬ್ಬಿ. ಅದನ್ನು ಕಂಪ್ಯೂಟರಿನ ಪಕ್ಕ ಇಟ್ಟು, ದನಿ ತಗ್ಗಿಸಿದರು.

"ಏನಿಲ್ಲವ್ವಾ ಸ್ಫೂರ್ತಿ, ಬುಕ್ಕಸಾಗರದಾಗ ನಂದೊಂದು ಹೊಲ ಐತಿ. ಕೆಳಗ ಏನೂ ಇಲ್ಲ, ನನಗ ಗೊತ್ತು. ಆದ್ರ ಹೊಲ ಕೊಳ್ಳಾಕ ಹೊರಗಿಂದ ಒಂದು ದೊಡ್ಡ ಪಾರ್ಟಿ ಬರಾಕತ್ತೈತಿ. ನಿನ್ನ ಸಾಫ್ಟ್‌ವೇರ್‌ನ್ಯಾಗ ಬಾವಿ ಬದಲು ಮಾಡಿ ನನ್ನ ಹೊಲ ಹಾಕು. ಕಡಿಗೆ 'ಐತಿ' ಅಂತ ಒಂದು ಸಾಲು ಬರಂಗ ಮಾಡು. ಇಷ್ಟ."

ನಾನು ಏನೋ ಹೇಳಲು ಹೋದೆ. ಗಂಗಾಂಬಿಕಾ ನನ್ನ ಬಾಯಿಗೆ ಒಂದು ಶೇಂಗಾ ಕಾಯಿ ಇಟ್ಟಳು.

ಸ್ಫೂರ್ತಿ ಯೋಚಿಸಿದಳು. "ಮಾಡಬಹುದು ಕಾಕಾ. ಆದ್ರ ಆ ಸಾಲು ಕಾಣಬೇಕಂದ್ರ ಪಾರ್ಟಿ ಕಡಿತನಕ ಹೋಗಬೇಕು. ಅವ್ರು ಗಟ್ಟಿ ಅದಾರೇನ್ರಿ?"

"ಭಾಳ ಗಟ್ಟಿ! ಯಾವಾಗ್ಲೂ ಇಬ್ರು ಗನ್‌ಮ್ಯಾನ್ ಇಟ್ಕೊಂಡಿರ್ತಾರ."

"ಒಳಗ ಒಬ್ರಿಗೇ ಜಾಗ ಐತ್ರಿ."

ಮರುಳಸಿದ್ದಪ್ಪನವರು ಪರದೆಯನ್ನು ನೋಡಿದರು. ಕಂಪ್ಯೂಟರು ಚಾಲೂ ಸಹ ಇರಲಿಲ್ಲ, ಅದರಲ್ಲಿ ಕಾಣುತ್ತಿದ್ದದ್ದು ಅವರದೇ ಮುಖ. ಆಮೇಲೆ ಪೇಡಾ ಡಬ್ಬಿಯನ್ನು ಮೆಲ್ಲಗೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಪಾರ್ಟಿನ ಒಂದ್ ಮಾತು ಕೇಳ್ಕೊಂಡು ಬರ್ತೀನಿ" ಎಂದು ಹೊರಟರು. ಓಣಿಯ ತುದಿಯವರೆಗೂ ಅವರು ಹೋಗುವುದನ್ನೇ ನೋಡಿದೆ. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಹಿಂದೆ 'ಯಾರದು' ಎಂದು ತಿರುಗಿ ನೋಡುವುದು.